ಪದಚರ್ಚೆ: 200 ಮೈಲಿಯ ಕಡಲಿಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕಾಗಿದೆ. ಮೀನುಗಾರಿಕಾ ಬಂದರಿನಲ್ಲಿ ನಿಲ್ಲಿಸುವ ದೊಡ್ಡ ಫಲಕಕ್ಕೆ ಕನ್ನಡ ಪಠ್ಯ ಮಾಡಿಕೊಡುತ್ತಿದ್ದೇನೆ. ಸೋಮವಾರ ಪೇಂಟರ್ ಕೈಗೆ ಹೋಗಬೇಕು. ಫಲಕದಲ್ಲಿ ಬಲಗಡೆ ದಡ. ಎಡಕ್ಕೆ ಹೋದಂತೆ ನೀಲಿ ಬಣ್ಣ ದಟ್ಟವಾಗುತ್ತಾ ಹೋಗುತ್ತದೆ. ಮೊದಲ ಗೆರೆ 12 ನಾಟಿಕಲ್ ಮೈಲಿಗೆ, ಎರಡನೆಯದು 24ಕ್ಕೆ, ಮೂರನೆಯದು 200ಕ್ಕೆ. ಆ 200ರವರೆಗಿನದು ಎಕ್ಸ್‌ಕ್ಲೂಸಿವ್ ಎಕನಾಮಿಕ್ ಝೋನ್. ಪತ್ರಿಕೆಗಳಲ್ಲಿ ಇದನ್ನು 'ವಿಶೇಷ ಆರ್ಥಿಕ ವಲಯ' ಅಂತ ಬರೆಯುತ್ತಾರೆ. ಆದರೆ ಕಾರ್ಖಾನೆಗಳಿಗೆ ತೆರಿಗೆ ರಿಯಾಯಿತಿ ಕೊಡುವ ಎಸ್‌ಇಝಡ್‌ಗೂ ಇದೇ ಹೆಸರು. ಮಂಗಳೂರಿನಲ್ಲೇ ಅಂಥದ್ದೊಂದು ಇದೆ. ಬಂದರಿಗೆ ಬಂದವರು ಯಾವುದು ಅಂತ ತಿಳಿದುಕೊಳ್ಳಬೇಕು? 12 ಮೈಲಿಯ ಪಟ್ಟಿಗೂ ಒಂದು ಒಳ್ಳೆಯ ಪದ ಹೇಳಿ. 'ಪ್ರಾದೇಶಿಕ ಜಲ' ನನಗೆ ಹಿಡಿಸಿಲ್ಲ.

*

ವಿಶೇಷ, ಆರ್ಥಿಕ, ವಲಯ. ಮೂರೂ ಸಂಸ್ಕೃತ. ಇದರಲ್ಲಿ ಕನ್ನಡ ಎಲ್ಲಿದೆ? ಕಡಲಿಗೆ ಹಳಗನ್ನಡದಲ್ಲಿ 'ಮುನ್ನೀರ್' ಅನ್ನುವ ಸೊಗಸಾದ ಪದ ಇದೆ. ಮುನ್ ಅಂದರೆ ಮೊದಲು. ನೆಲಕ್ಕಿಂತ ಮೊದಲು ಇದ್ದ ನೀರು ಮುನ್ನೀರು. ತಮಿಳಿನಲ್ಲೂ ಈ ಪದ ಇದೆ. ಅಂದರೆ ಎಷ್ಟು ಹಳೆಯದು ನೋಡಿ. ಸಂಪತ್ತಿಗೆ ಸಿರಿ, ಗಡಿಗೆ ಎಲ್ಲೆ. 'ಮುನ್ನೀರ ಸಿರಿಯೆಲ್ಲೆ' ಅಂತ ಬರೆಯಿರಿ. ಒಂದು ಸಲ ಫಲಕದ ಮೇಲೆ ಬಂದರೆ ಜನ ತಾವೇ ಕಲಿಯುತ್ತಾರೆ. ಎಸ್‌ಇಝಡ್ ಗೊಂದಲವೂ ಮುಗಿಯುತ್ತದೆ.

*

ಪದ್ಯಕ್ಕೆ ಆಗಬಹುದು. ಫಲಕಕ್ಕೆ ಬೇಡ.

ಇನ್ನು ವ್ಯುತ್ಪತ್ತಿ. ಮುನ್ನೂರು ಆದ ಹಾಗೆಯೇ ಮುನ್ನೀರು ಆಗಿದೆ, ಮೂರು ನೀರು, ಅಂತ ವಾದಿಸುವವರೂ ಇದ್ದಾರೆ. ರೂಪ ಎರಡಕ್ಕೂ ಒಪ್ಪುತ್ತದೆ. ಹಾಗಾಗಿ 'ಮೊದಲ ನೀರು' ಅನ್ನುವುದನ್ನು ಸಿದ್ಧಾಂತದ ಹಾಗೆ ಹೇಳಬೇಡಿ.

ಈಗ ಕೆಲಸದ ಮಾತು. ಇಲ್ಲಿ 'ವಿಶೇಷ' ಅನ್ನುವುದೇ ತಪ್ಪು ಅನುವಾದ. ಎಕ್ಸ್‌ಕ್ಲೂಸಿವ್ ಅಂದರೆ ಬೇರೆಯವರಿಗೆ ಪಾಲಿಲ್ಲ ಅಂತ. 'ಅನನ್ಯ' ಅಂತಲೂ ಕೆಲವರು ಬರೆಯುತ್ತಾರೆ. ಇವತ್ತಿನ ಓದುಗರಿಗೆ ಅನನ್ಯ ಅಂದರೆ ಸಾಟಿಯಿಲ್ಲದ್ದು. ಅದೂ ನಿಲ್ಲಲ್ಲ. ಭಾರತದಲ್ಲಿ ಇದಕ್ಕೆ ಆಧಾರ 1976ರ ಕಾಯ್ದೆ. ಅದೇ ವರ್ಷ ಸಂವಿಧಾನದ 297ನೇ ವಿಧಿಗೂ ಇದನ್ನು ಸೇರಿಸಿದರು. ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದ ಬಂದದ್ದು ಆಮೇಲೆ, 1982ರಲ್ಲಿ. ಈ ವಲಯದಲ್ಲಿ ಮೀನು, ತೈಲ, ಅನಿಲ, ಗಾಳಿಯಿಂದ ತೆಗೆಯುವ ವಿದ್ಯುತ್, ಇವುಗಳ ಮೇಲೆ ಹಕ್ಕು ನಮ್ಮದು. ಆದರೆ ನೀರು ನಮ್ಮದಲ್ಲ. ಬೇರೆ ದೇಶದ ಹಡಗು ಅಲ್ಲಿ ಯಾರನ್ನೂ ಕೇಳದೆ ಹಾದು ಹೋಗಬಹುದು. ಕೇಬಲ್ ಕೂಡ ಹಾಕಬಹುದು. ಹೀಗಾಗಿ 'ಎಲ್ಲೆ' ಅನ್ನುವ ಪದ ಇಲ್ಲಿ ದಾರಿ ತಪ್ಪಿಸುತ್ತದೆ. ದೇಶದ ಎಲ್ಲೆ 12 ಮೈಲಿಗೇ ಮುಗಿಯಿತು.

*

ಕರಾವಳಿಯವನಾಗಿ ಒಂದು ಮಾತು. ಈ ಫಲಕ ಓದುವವರು ಯಾರು ಅಂತ ಮೊದಲು ನೋಡಿ. ನಮ್ಮ ಕಡೆ ಬೋಟು ನಡೆಸುವ ತಾಂಡೇಲರು ಆಳವನ್ನು ಮಾರಿನಲ್ಲಿ ಹೇಳುತ್ತಾರೆ, ದೂರವನ್ನು ಮೈಲಿಯಲ್ಲಿ. ಜಿಪಿಎಸ್ ಪರದೆ ನೋಡಿಕೊಂಡೇ ಬಲೆ ಬಿಡುತ್ತಾರೆ. 12 ಎಲ್ಲಿ ದಾಟಿತು ಅಂತ ಅವರಿಗೆ ಚೆನ್ನಾಗಿ ಗೊತ್ತು. ದಾಟಿದ ಮೇಲೆ ಯಾರ ಕಾನೂನು ಅನ್ನುವುದೇ ಅವರಿಗೆ ಬೇಕಾದ ವಿಷಯ. 12ರ ಒಳಗೆ ಮೀನುಗಾರಿಕೆ ರಾಜ್ಯ ಸರ್ಕಾರದ ಕೈಯಲ್ಲಿದೆ, ಕರ್ನಾಟಕದ 1986ರ ಕಾಯ್ದೆ. ಅದರಾಚೆ ಕೇಂದ್ರ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಇದಕ್ಕೂ ಒಳಗೆ ಒಂದು ಆದೇಶ, ಹೊರಗೆ ಇನ್ನೊಂದು. 12ರಾಚೆ ಲೈಟ್ ಹಾಕಿ ಮೀನು ಹಿಡಿಯುವುದನ್ನು ಮತ್ತು ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನು 2017ರಲ್ಲಿ ನಿಷೇಧಿಸಿದ್ದು ಕೇಂದ್ರ. ನಾಡದೋಣಿಯವರು ಅದಕ್ಕಾಗಿ ಎಷ್ಟು ಬಡಿದಾಡಿದ್ದಾರೆ ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು?

ಅದಕ್ಕೇ 'ಪ್ರಾದೇಶಿಕ ಜಲ' ಬೇಡ ಅಂತೀನಿ. ಪ್ರಾದೇಶಿಕ ಅಂದರೆ ಪ್ರಾದೇಶಿಕ ಪಕ್ಷದ ಹಾಗೆ ಕೇಳಿಸುತ್ತದೆ. ಕಾನೂನಿನ ಕನ್ನಡದಲ್ಲಿ ಟೆರಿಟರಿಗೆ 'ರಾಜ್ಯಕ್ಷೇತ್ರ' ಇದೆ. ಅದನ್ನು ಬಂದರಿನಲ್ಲಿ ಬರೆದರೆ ಕರ್ನಾಟಕ ರಾಜ್ಯ ಅಂತಲೇ ಓದುತ್ತಾರೆ. ಮೀನುಗಾರಿಕೆ ಮಟ್ಟಿಗೆ ಅದು ಸರಿಹೋದರೂ ಆ ನೀರಿನ ಒಡೆತನ ಒಕ್ಕೂಟದ್ದು. 'ಜಲಗಡಿ' ಎಲ್ಲರ ಬಾಯಲ್ಲೂ ಇದೆ, ಟೀವಿಯಲ್ಲೂ ಬರುತ್ತದೆ. 'ಭಾರತದ ಜಲಗಡಿ' ಅಂತ ಬರೆದರೆ ಸಾಕಲ್ವಾ?

*

ಜಲಗಡಿ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು.

*

ಕಡಲತೀರವೂ ಅರಿಸಮಾಸ. ಯಾರೂ ಬರೆಯುವುದು ಬಿಟ್ಟಿಲ್ಲ.

*

ಅದಕ್ಕೇ ಬಿಡಬೇಕು ಅನ್ನುವುದು. ಮುನ್ನೀರು ಬೇಡ ಅಂದಿರಿ, ಸರಿ. ಆದರೆ ನಮ್ಮ ಬೇರಿನಿಂದ ಹೊಸ ಪದ ಕಟ್ಟಿದಾಗಲೆಲ್ಲ 'ಪದ್ಯಕ್ಕೆ ಆಗಬಹುದು' ಅಂತ ತಳ್ಳಿಹಾಕಿದರೆ ಕನ್ನಡ ಬೆಳೆಯುವುದು ಹೇಗೆ? ಸಂಸ್ಕೃತದಿಂದ ತಂದದ್ದು ಶಾಸ್ತ್ರೀಯ, ಇಂಗ್ಲಿಷಿನಿಂದ ತಂದದ್ದು ಅನುಕೂಲ, ಕನ್ನಡದಿಂದ ಕಟ್ಟಿದ್ದು ಮಾತ್ರ ವಿಚಿತ್ರ. ಇದು ಯಾವ ನ್ಯಾಯ? 'ಖಂಡಾವರಣ' ಅಂತ ಭೂಗೋಳದ ಪುಸ್ತಕದಲ್ಲಿ ಇದೆ. ಎಷ್ಟು ಮಕ್ಕಳಿಗೆ ಅದು ಕಡಲಡಿಯ ನೆಲ ಅಂತ ಹೊಳೆಯುತ್ತದೆ?

*

ಖಂಡಾವರಣದ ಬಗ್ಗೆ ಒಪ್ಪುತ್ತೇನೆ. ಉಳಿದದ್ದಕ್ಕಿಲ್ಲ. ಕಡಲಿನ ಕನ್ನಡವೇ ಬಂದುಹೋಗುವವರ ಜೊತೆ ಬೆಳೆದ ಕನ್ನಡ. ಬಂದರು ಪಾರಸಿ, ಲಂಗರು ಪಾರಸಿ, ಬೋಟು ಇಂಗ್ಲಿಷು. ಹಡಗು ನಮ್ಮದೇ, ಹಳೆಯ ಪಡಗು. ಅವೆಲ್ಲ ಒಂದೇ ದಕ್ಕೆಯಲ್ಲಿ ನಿಂತಿವೆ, ಯಾರಿಗೂ ತೊಂದರೆ ಆಗಿಲ್ಲ. ಪದ ಎಲ್ಲಿಂದ ಬಂತು ಅಂತ ನಾನು ಕೇಳಲ್ಲ. ಓದಿದವನಿಗೆ ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅಂತ ತಿಳಿಯಿತೇ, ಅಷ್ಟೇ ಕೇಳುತ್ತೇನೆ.

*

'ಮೀಸಲು' ಯಾರೂ ಹೇಳಲಿಲ್ಲ ಯಾಕೆ? ಬೇರೆಯವರಿಗೆ ಪಾಲಿಲ್ಲ ಅನ್ನುವುದಕ್ಕೆ ಅದಕ್ಕಿಂತ ಸರಿಯಾದ ಪದ ಇಲ್ಲ. ಅಚ್ಚಕನ್ನಡವೂ ಹೌದು. 'ಮೀಸಲು ಆರ್ಥಿಕ ವಲಯ'.

*

ಬೇಡ. ಮೀಸಲು ಅರಣ್ಯ ಅಂದರೆ ಒಳಗೆ ಕಾಲಿಡಬಾರದು ಅಂತಲೇ ಜನಕ್ಕೆ ಗೊತ್ತಿರುವುದು. 200 ಮೈಲಿಗೆ 'ಮೀಸಲು' ಅಂತ ಬರೆದರೆ ನಮ್ಮ ಮೀನುಗಾರರಿಗೇ ಅಲ್ಲಿ ಪ್ರವೇಶವಿಲ್ಲ ಅಂತಾಗುತ್ತದೆ. ನಾಳೆ ಹವಳದ ದಿಬ್ಬಗಳಿಗೋ ಮೀನು ಮರಿ ಮಾಡುವ ಜಾಗಕ್ಕೋ ನಿಜವಾದ ಸಂರಕ್ಷಿತ ಪ್ರದೇಶ ಗುರುತಿಸಿದಾಗ 'ಕಡಲ ಮೀಸಲು' ಅನ್ನುವ ಪದ ಅಲ್ಲಿಗೆ ಬೇಕು. 2030ರೊಳಗೆ ಜಗತ್ತಿನ ಕಡಲಲ್ಲಿ ಶೇ 30ರಷ್ಟನ್ನು ಕಾಪಾಡಬೇಕು ಅಂತ 2022ರಲ್ಲಿ ದೇಶಗಳು ಒಪ್ಪಿಕೊಂಡಿವೆ. ಆ ಪದವನ್ನು ಈಗಲೇ ಇಲ್ಲಿ ಖರ್ಚು ಮಾಡಬೇಡಿ. ಹಕ್ಕು ಬೇರೆ, ಕಾವಲು ಬೇರೆ. ಸರ್ಕಾರಿ ಕನ್ನಡದಲ್ಲಿ ಈ ಎರಡನ್ನೂ ಕಲಸಿಬಿಟ್ಟರೆ ಆಮೇಲೆ ಬಿಡಿಸುವುದು ತುಂಬಾ ಕಷ್ಟ.

ನನ್ನ ಸಲಹೆ 'ಕಡಲ ಸಂಪತ್ತಿನ ಹಕ್ಕು ವಲಯ'. ಉದ್ದ ಇದೆ, ಇರಲಿ. ಕೆಳಗೆ ಸಣ್ಣ ಅಕ್ಷರದಲ್ಲಿ 'ಇಇಝಡ್' ಅಂತ ಹಾಕಿ. ಕೋಸ್ಟ್ ಗಾರ್ಡ್‌ನವರು ವೈರ್‌ಲೆಸ್‌ನಲ್ಲಿ ಹೇಳುವುದೂ ಅದನ್ನೇ.

*

ಎಲ್ಲರಿಗೂ ಧನ್ಯವಾದ. ಫಲಕಕ್ಕೆ ಹೀಗೆ ಕಳಿಸುತ್ತಿದ್ದೇನೆ:

ಭಾರತದ ಜಲಗಡಿ: ದಡದಿಂದ 12 ನಾಟಿಕಲ್ ಮೈಲಿ, ಸುಮಾರು 22 ಕಿ.ಮೀ. ಇಲ್ಲಿ ಮೀನುಗಾರಿಕೆಗೆ ರಾಜ್ಯದ ಕಾನೂನು.

ಕಡಲ ಸಂಪತ್ತಿನ ಹಕ್ಕು ವಲಯ, ಇಇಝಡ್: 12ರಾಚೆ, 200 ನಾಟಿಕಲ್ ಮೈಲಿಯವರೆಗೆ, ಸುಮಾರು 370 ಕಿ.ಮೀ. ಇಲ್ಲಿ ಕೇಂದ್ರದ ಕಾನೂನು. ಲೈಟ್ ಫಿಶಿಂಗ್, ಬುಲ್ ಟ್ರಾಲಿಂಗ್ ನಿಷೇಧ.

24 ಮೈಲಿಯ ಪಟ್ಟಿ ಕಸ್ಟಮ್ಸ್, ವಲಸೆ ತಪಾಸಣೆಗೆ ಸಂಬಂಧಿಸಿದ್ದು. ಅದಕ್ಕೆ 'ಹೊಂದಿಕೊಂಡ ವಲಯ' ಅಂತ ಬರೆದಿದ್ದೇನೆ. ಯಾರಿಗಾದರೂ ತಕರಾರು ಇದ್ದರೆ ಭಾನುವಾರ ರಾತ್ರಿಯೊಳಗೆ ಹೇಳಿ. 200ರಾಚೆಯ ಹೈ ಸೀಸ್‌ಗೂ ಒಂದು ಪದ ಬೇಕು.

*

'ದಡದಿಂದ' ಅನ್ನಬೇಡಿ. ಲೆಕ್ಕ ಶುರುವಾಗುವುದು ಬೇಸ್‌ಲೈನಿನಿಂದ, ಅಂದರೆ ಸಾಮಾನ್ಯವಾಗಿ ನೀರು ಪೂರ್ತಿ ಇಳಿದಾಗ ಕಾಣುವ ಅಂಚಿನಿಂದ, ಕೆಲವು ಕಡೆ ಸರ್ಕಾರ ಗುರುತಿಸಿದ ನೇರ ಗೆರೆಯಿಂದ. 'ಆಧಾರ ಗೆರೆಯಿಂದ' ಅಂತ ಬದಲಾಯಿಸಿ. ಹೈ ಸೀಸ್‌ಗೆ 'ಮುಕ್ತ ಸಮುದ್ರ'.

*

'ತೆರೆಗಡಲು' ಅನ್ನಿ.

*

ತೆರೆ ಅಂದರೆ ಅಲೆ ಅಂತ ಓದುತ್ತಾರೆ. ಮುಕ್ತ ಸಮುದ್ರ ಇರಲಿ.