ಪ್ರಶ್ನೋತ್ತರ: ಪಿಎಸ್‌ಕ್ಯೂಎಲ್‌ನಲ್ಲಿ ಕೂತು ಪೋಸ್ಟ್‌ಗ್ರೆಸ್ ಅಂಕಿಅಂಶ ನೋಡುವುದು

ಅಡ್ಮಿನ್: ಕಾಸರಗೋಡು ಕಡೆಯ ಸರ್ವರ್ ನೋಡಿಕೊಳ್ಳುವವರ ಪ್ರಶ್ನೆಗಳಿಗೆ ಇವತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಅಕ್ಕ ಉತ್ತರ ಕೊಡ್ತಾರೆ. ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದದ್ದು ಓದಲಿಕ್ಕೆ ಮಾತ್ರ. ಹಾಗೇ ಟೈಪ್ ಮಾಡಿ ಎರರ್ ಬಂತು ಹೇಳಬೇಡಿ.

ಕುಂಬಳೆ: ಅಕ್ಕ, ನಮ್ಮಲ್ಲಿ ಮೌಸ್ ಒತ್ತಿ ನೋಡುವ ಪಿಜಿಅಡ್ಮಿನ್ ಇಲ್ಲ, ದೂರದಿಂದ ಕಮಾಂಡ್ ಕೊಡುವ ಎಸ್‌ಎಸ್‌ಎಚ್ ಮಾತ್ರ ಉಂಟು. ಎಲ್ಲಿಂದ ಶುರು ಮಾಡುವುದು?

ಡಿಬಿಎ: ಟೈಪ್ ಮಾಡಿ ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಪಿಎಸ್‌ಕ್ಯೂಎಲ್ ಧಾರಾಳ ಸಾಕು. ಒಳಗೆ ಹೋದ ಕೂಡಲೇ \ಎಕ್ಸ್ ಆಟೋ ಕೊಡಿ, ಇಲ್ಲದಿದ್ದರೆ ಅಗಲದ ಸಾಲುಗಳು ಮಡಚಿ ಬಂದು ಓದಲಿಕ್ಕಾಗುವುದಿಲ್ಲ. ಪಿಜಿ_ಸ್ಟ್ಯಾಟ್_ಡೇಟಾಬೇಸ್ (ಇಡೀ ಡೇಟಾಬೇಸಿನ ಲೆಕ್ಕ), ಪಿಜಿ_ಸ್ಟ್ಯಾಟ್_ಯೂಸರ್_ಟೇಬಲ್ಸ್ (ಒಂದೊಂದು ಟೇಬಲಿನ ಲೆಕ್ಕ), ಪಿಜಿ_ಸ್ಟ್ಯಾಟ್_ಆಕ್ಟಿವಿಟಿ (ಈಗ ಯಾರು ಏನು ಓಡಿಸ್ತಿದ್ದಾರೆ), ಈ ಮೂರರಲ್ಲಿ ಮುಕ್ಕಾಲು ಕೆಲಸ ಮುಗೀತದೆ. ಕ್ವೆರಿ ಬರೆದು ಕೊನೆಗೆ \ವಾಚ್ 5 ಹಾಕಿದರೆ ಐದು ಸೆಕೆಂಡಿಗೊಮ್ಮೆ ತಾನಾಗಿ ಓಡ್ತದೆ. ಮೊದಲಿನ ಎರಡರಲ್ಲಿ ಹೆಚ್ಚಿನವು ಕೂಡುತ್ತಾ ಹೋಗುವ ಲೆಕ್ಕ. ಒಂದು ಸಲ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಎರಡು ಸಲದ ವ್ಯತ್ಯಾಸ ತೆಗೆಯಿರಿ. ಲೆಕ್ಕ ಯಾವತ್ತಿನಿಂದ ಶುರು ಎಂಬುದು ಪಿಜಿ_ಸ್ಟ್ಯಾಟ್_ಡೇಟಾಬೇಸ್‌ನ ಸ್ಟ್ಯಾಟ್ಸ್_ರೀಸೆಟ್ ಕಾಲಮ್ಮಿನಲ್ಲಿ ಉಂಟು. ಬಿಗಿನ್ ಕೊಟ್ಟು ಟ್ರಾನ್ಸಾಕ್ಷನ್ ಒಳಗೆ ಕೂತು ನೋಡಬೇಡಿ, ಹಳೆ ಸಂಖ್ಯೆಯೇ ಪುನಃ ಪುನಃ ಬರ್ತದೆ.

ಮಂಜೇಶ್ವರ: ಹಿಟ್ ರೇಶಿಯೋ ಎಷ್ಟಿರಬೇಕು ಮೇಡಂ?

ಡಿಬಿಎ: ಪೋಸ್ಟ್‌ಗ್ರೆಸ್‌ನ ಸ್ವಂತ ಮೆಮೊರಿಯಲ್ಲೇ ಸಿಕ್ಕಿದ್ದು ಹಿಟ್, ಅಲ್ಲಿ ಸಿಗದೆ ಹೊರಗಿನಿಂದ ತಂದದ್ದು ರೀಡ್. ಬ್ಲಾಕ್ಸ್_ಹಿಟ್ ಅನ್ನು ಹಿಟ್ ಮತ್ತು ರೀಡ್‌ನ ಮೊತ್ತದಿಂದ ಭಾಗಿಸಿ. 99 ಶೇಕಡಾ ಬಂತು ಅಂತ ಖುಷಿಪಡಬೇಡಿ. ಕೆಟ್ಟ ಕ್ವೆರಿಯೊಂದು ಅವೇ ಪೇಜುಗಳನ್ನು ಮೆಮೊರಿಯಿಂದ ಲಕ್ಷ ಸಲ ಓದಿದರೂ ರೇಶಿಯೋ ಚೆನ್ನಾಗಿಯೇ ಕಾಣ್ತದೆ. ರೀಡ್ ಅಂತ ಲೆಕ್ಕವಾದದ್ದೆಲ್ಲ ಡಿಸ್ಕಿನಿಂದ ಬಂದದ್ದೂ ಅಲ್ಲ, ಲಿನಕ್ಸ್ ಕ್ಯಾಶಿನಿಂದ ಬಂದದ್ದೂ ಅದರಲ್ಲಿ ಸೇರ್ತದೆ.

ಪೆರ್ಲ: ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ಬೇರೆಯವರ ಕ್ವೆರಿ ಜಾಗದಲ್ಲಿ ‘ಇನ್‌ಸಫಿಶಿಯಂಟ್ ಪ್ರಿವಿಲೇಜ್’ ಬರ್ತದೆ.

ಡಿಬಿಎ: ಗ್ರಾಂಟ್ ಪಿಜಿ_ಮಾನಿಟರ್ ಟು ನಿಮ್ಮ ಯೂಸರ್. ಸೂಪರ್‌ಯೂಸರ್ ಕೊಡಬೇಡಿ.

ಬದಿಯಡ್ಕ: ಅಕ್ಕ, ಸೊಸೈಟಿಯ ಅಡಿಕೆ ತೂಕದ ಚೀಟಿಯ ಟೇಬಲ್, ವರ್ಷನ್ 13. ರಾತ್ರಿ ಲೆಕ್ಕಕ್ಕೆ ತುಂಬಾ ಸಾಲು ಅಪ್‌ಡೇಟ್ ಆಗ್ತದೆ. ಎನ್_ಲೈವ್_ಟಪ್ (ಬಳಕೆಯ ಸಾಲು) 38 ಲಕ್ಷ, ಎನ್_ಡೆಡ್_ಟಪ್ (ಅಪ್‌ಡೇಟ್ ಆದಾಗ ಉಳಿದ ಹಳೆ ಸಾಲು) 2 ಕೋಟಿ ದಾಟಿದೆ. ಡೆಡ್ ಸಾಲು ತಾನಾಗಿ ಗುಡಿಸುವ ಆಟೋವ್ಯಾಕ್ಯೂಮ್ ಕೊನೆಗೆ ಓಡಿದ್ದು, ಅಂದರೆ ಲಾಸ್ಟ್_ಆಟೋವ್ಯಾಕ್ಯೂಮ್, ಇವತ್ತಿನದ್ದೇ. ಆದರೂ ಡೆಡ್ ಇಳಿಯುವುದೇ ಇಲ್ಲ. ಡಿಸ್ಕ್ 91 ಶೇಕಡಾ ತುಂಬಿದೆ.

ಉಪ್ಪಳ: ಫಾರ್ವರ್ಡ್ ಬಂದದ್ದು: “ಡಿಸ್ಕ್ ತುಂಬಿದರೆ ಪಿಜಿ_ವಾಲ್ ಫೋಲ್ಡರಿನ ಹಳೆ ಫೈಲ್ ಡಿಲೀಟ್ ಮಾಡಿ, ಪಿಜಿ_ಸ್ಟ್ಯಾಟ್_ರೀಸೆಟ್ ಕೊಡಿ, ರಾತ್ರಿ ವ್ಯಾಕ್ಯೂಮ್ ಫುಲ್ ಹಾಕಿ. ನೂರಕ್ಕೆ ನೂರು ಪರಿಹಾರ.”

ಡಿಬಿಎ: ಬದಿಯಡ್ಕದವರೇ, ಆ ಫಾರ್ವರ್ಡಿನ ಒಂದು ಗೆರೆಯನ್ನೂ ಮುಟ್ಟಬೇಡಿ. ಪಿಜಿ_ವಾಲ್‌ನಲ್ಲಿರುವ 16 ಎಂಬಿಯ ವಾಲ್ ಫೈಲುಗಳು ಕಸ ಅಲ್ಲ, ಪ್ರತಿ ಬದಲಾವಣೆ ಬರೆದಿಟ್ಟ ದಾಖಲೆ. ಕರೆಂಟ್ ಹೋಗಿ ಸರ್ವರ್ ಬಿದ್ದರೆ ಎದ್ದು ನಿಲ್ಲುವುದು ಅವುಗಳಿಂದ. ಅಳಿಸಿದ ಮೇಲೆ ಮಳೆಗಾಲದ ಒಂದು ಸಿಡಿಲು ಸಾಕು, ಡೇಟಾಬೇಸ್ ಶುರುವೇ ಆಗಲಿಕ್ಕಿಲ್ಲ. ಪಿಜಿ_ಸ್ಟ್ಯಾಟ್_ರೀಸೆಟ್ ಕೊಟ್ಟರೆ ಡೆಡ್ ಲೆಕ್ಕ ಸೊನ್ನೆ ಆಗ್ತದೆ, ಡೆಡ್ ಸಾಲು ಅಲ್ಲೇ ಇರ್ತದೆ. ಆಟೋವ್ಯಾಕ್ಯೂಮ್ ನೋಡುವುದು ಅದೇ ಲೆಕ್ಕವನ್ನು: ಡಿಫಾಲ್ಟಿನಲ್ಲಿ 50 ಮತ್ತು ಸಾಲುಗಳ 20 ಶೇಕಡಾ ಸೇರಿಸಿದಷ್ಟು ಡೆಡ್ ದಾಟಿದರೆ ಓಡ್ತದೆ, ನಿಮ್ಮ ಟೇಬಲಿಗೆ ಸುಮಾರು 7.6 ಲಕ್ಷ. ಸೊನ್ನೆ ಮಾಡಿದರೆ ಅಷ್ಟು ಪುನಃ ಸೇರುವವರೆಗೆ ಅದು ಅಲ್ಲಾಡುವುದಿಲ್ಲ. ವ್ಯಾಕ್ಯೂಮ್ ಫುಲ್ ಟೇಬಲನ್ನು ಹೊಸದಾಗಿ ಬರೀತದೆ, ಮುಗಿಯುವವರೆಗೆ ಸೆಲೆಕ್ಟ್ ಸಹ ಓಡುವುದಿಲ್ಲ, ಹೊಸ ಪ್ರತಿಗೆ ಜಾಗ ಬೇರೆ ಬೇಕು. ನಿಮ್ಮ ಡಿಸ್ಕಿನಲ್ಲಿ ಎಲ್ಲಿ ಉಂಟು ಜಾಗ?

ಈಗ ವಿಷಯಕ್ಕೆ ಬರುವ. ಆಟೋವ್ಯಾಕ್ಯೂಮ್ ಓಡಿಯೂ ಡೆಡ್ ಇಳಿಯುವುದಿಲ್ಲ ಎಂದರೆ ಯಾರೋ ಹಳೆ ಸ್ನ್ಯಾಪ್‌ಶಾಟ್, ಅಂದರೆ ಹಿಂದಿನ ಹೊತ್ತಿನ ಡೇಟಾದ ನೋಟ, ಹಿಡಿದು ಕೂತಿದ್ದಾರೆ. ಅದು ಬಿಡುವವರೆಗೆ ವ್ಯಾಕ್ಯೂಮ್ ಫುಲ್ ಕೊಟ್ಟರೂ ಆ ಡೆಡ್ ಸಾಲುಗಳನ್ನು ಹೊಸ ಫೈಲಿಗೆ ಹೊತ್ತುಕೊಂಡು ಹೋಗ್ತದೆ. ವ್ಯಾಕ್ಯೂಮ್ ವರ್ಬೋಸ್ ಕೊಟ್ಟು ‘ಕೆನಾಟ್ ಬಿ ರಿಮೂವ್ಡ್ ಯೆಟ್’ ಎಂಬ ಗೆರೆಯ ಸಂಖ್ಯೆ ನೋಡಿ. ಮತ್ತೆ ಮೂರು ಕಡೆ ಹುಡುಕಿ: ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ಬ್ಯಾಕೆಂಡ್_ಎಕ್ಸ್‌ಮಿನ್ (ಹಿಡಿದಿಟ್ಟ ಹಳೆ ಟ್ರಾನ್ಸಾಕ್ಷನ್ ನಂಬರ್), ಏಜ್ ಹೆಚ್ಚಿರುವುದು ಮೇಲೆ ಬರುವ ಹಾಗೆ; ಪಿಜಿ_ಪ್ರಿಪೇರ್ಡ್_ಎಕ್ಸಾಕ್ಟ್ಸ್ (ಪ್ರಿಪೇರ್ ಆಗಿ ಕಮಿಟ್ ಆಗದೆ ಉಳಿದವು); ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್‌ನಲ್ಲಿ (ನಕಲು ಸರ್ವರಿಗೆ ಬೇಕಾದ್ದನ್ನು ಹಿಡಿದಿಡುವ ಸ್ಲಾಟುಗಳು) ಆಕ್ಟಿವ್ ಮತ್ತು ಎಕ್ಸ್‌ಮಿನ್. ಜೊತೆಗೆ ಪಿಜಿ_ವಾಲ್ ಎಷ್ಟು ದೊಡ್ಡದು ಗೊತ್ತಾಗಲಿಕ್ಕೆ ಪಿಜಿ_ಎಲ್‌ಎಸ್_ವಾಲ್‌ಡಿರ್‌ನ ಸೈಜುಗಳ ಮೊತ್ತವನ್ನೂ ಇಲ್ಲಿ ಹಾಕಿ.

ಮುಳ್ಳೇರಿಯ: ವಿಂಡೋಸಿನ ಪಿಎಸ್‌ಕ್ಯೂಎಲ್‌ನಲ್ಲಿ ಸದಸ್ಯರ ಕನ್ನಡ ಹೆಸರು ಚೌಕ ಚೌಕ ಕಾಣ್ತದೆ, ಎಂತ ಮಾಡುವುದು?

ಉಪ್ಪಳ: ವ್ಯಾಕ್ಯೂಮ್ ಫುಲ್ ಅಷ್ಟು ಕೆಟ್ಟದ್ದಾದರೆ ಪೋಸ್ಟ್‌ಗ್ರೆಸ್‌ನವರು ಇಟ್ಟದ್ದು ಯಾಕೆ? ನಾವು ವಾರಕ್ಕೊಮ್ಮೆ ಹಾಕ್ತೇವೆ, ಏನೂ ಆಗಲಿಲ್ಲ.

ಕುಂಬಳೆ: ವಾರಕ್ಕೊಮ್ಮೆ ಬೇಕಾಗ್ತದೆ ಎಂದರೆ ನಿಮ್ಮ ಆಟೋವ್ಯಾಕ್ಯೂಮ್ ಸೆಟ್ಟಿಂಗ್ ಸರಿ ಇಲ್ಲ ಅಂತ ಅರ್ಥ. ದೊಡ್ಡ ಟೇಬಲಿಗೆ ಸ್ಕೇಲ್ ಫ್ಯಾಕ್ಟರ್, ಅಂದರೆ ಅಕ್ಕ ಹೇಳಿದ ಆ 20 ಶೇಕಡಾ, 0.02 ಮಾಡಿ ನೋಡಿ. ಜಾಗ ವಾಪಸ್ ಬೇಕೇ ಬೇಕಾದರೆ ಕೆಲಸ ನಿಲ್ಲಿಸದೆ ಟೇಬಲನ್ನು ಹೊಸದಾಗಿ ಬರೆಯುವ ಪಿಜಿ_ರಿಪ್ಯಾಕ್ ಉಂಟಲ್ಲ.

ಉಪ್ಪಳ: ರಿಪ್ಯಾಕಿಗೆ ಜಾಗ ಬೇಡವಾ? ಅದಕ್ಕೂ ಟೇಬಲಿನ ಇನ್ನೊಂದು ಪ್ರತಿ ಬೇಕು. ಪ್ರೈಮರಿ ಕೀ ಇಲ್ಲದಿದ್ದರೆ ಓಡುವುದೂ ಇಲ್ಲ.

ಕುಂಬಳೆ: ಪ್ರೈಮರಿ ಕೀಯೇ ಬೇಕಂತ ಇಲ್ಲ, ನಲ್ ಇಲ್ಲದ ಕಾಲಮ್ಮಿನ ಯೂನಿಕ್ ಇಂಡೆಕ್ಸ್ ಇದ್ದರೂ ಓಡ್ತದೆ. ಓಡುವಾಗ ಕೌಂಟರಿನಲ್ಲಿ ಚೀಟಿ ಬರೆಯಲಿಕ್ಕೆ ಆಗ್ತದಲ್ಲ, ಅದನ್ನು ಹೇಳಿ ಮಾರಾಯ್ರೇ.

ಉಪ್ಪಳ: ನೀವು ಪುಸ್ತಕ ಓದಿ ಮಾತಾಡ್ತೀರಿ.

ಕುಂಬಳೆ: ನೀವು ಫಾರ್ವರ್ಡ್ ಓದಿ.

ಅಡ್ಮಿನ್: ಇಬ್ಬರೂ ಸ್ವಲ್ಪ ಸುಮ್ಮನಿರಿ.

ಬದಿಯಡ್ಕ: ಅಕ್ಕ, ಮೊದಲ ಎರಡರಲ್ಲಿ ಹಳೆಯದ್ದು ಏನೂ ಇಲ್ಲ. ಸ್ಲಾಟಿನಲ್ಲಿ ಒಂದು ಹೆಸರು ಉಂಟು, ಆಕ್ಟಿವ್ ಎಫ್ (ಅಂದರೆ ಅಲ್ಲ), ಎಕ್ಸ್‌ಮಿನ್ ಏಜ್ 4 ಕೋಟಿ ಟ್ರಾನ್ಸಾಕ್ಷನ್. ಅದು ನಕಲು ಇಡುತ್ತಿದ್ದ, ಈಗ ಹಾಳಾದ ಸ್ಟ್ಯಾಂಡ್‌ಬೈ ಮೆಷಿನಿನದ್ದು. ಪಿಜಿ_ವಾಲ್ 140 ಜಿಬಿ.

ಡಿಬಿಎ: ಸಿಕ್ಕಿತು. ಆ ಸ್ಟ್ಯಾಂಡ್‌ಬೈಯಲ್ಲಿ ಹಾಟ್_ಸ್ಟ್ಯಾಂಡ್‌ಬೈ_ಫೀಡ್‌ಬ್ಯಾಕ್ ಆನ್ ಇತ್ತು, ಅಂದರೆ ಹಳೆ ಸಾಲು ತನಗೆ ಬೇಕು ಅಂತ ಅದು ಮುಖ್ಯ ಸರ್ವರಿಗೆ ಹೇಳ್ತಿತ್ತು. ಅದಕ್ಕೇ ಮೆಷಿನ್ ಸತ್ತರೂ ಸ್ಲಾಟ್ ಅದರ ಎಕ್ಸ್‌ಮಿನ್ ಅನ್ನು ಬಿಡಲಿಲ್ಲ. ಅದೇ ಸ್ಲಾಟ್ ವಾಲ್ ಫೈಲನ್ನೂ ಹಿಡಿದಿಟ್ಟಿದೆ. ಇದಕ್ಕೆ ಮಿತಿ ಹಾಕುವ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ವರ್ಷನ್ 13ರಿಂದ ಉಂಟು, ಆದರೆ ಡಿಫಾಲ್ಟ್ ಮೈನಸ್ 1, ಎಂದರೆ ಮಿತಿಯೇ ಇಲ್ಲ. ಡಿಸ್ಕ್ ತುಂಬಿದ್ದೂ ಡೆಡ್ ಇಳಿಯದ್ದೂ ಒಂದೇ ರೋಗ.

ಆ ಮೆಷಿನ್ ವಾಪಸ್ ಬರುವುದಿಲ್ಲ ಎಂದು ಖಾತ್ರಿ ಮಾಡಿ. ಸ್ಲಾಟ್ ತೆಗೆದ ಮೇಲೆ ಅದು ಬೇಕಾದರೆ ಪಿಜಿ_ಬೇಸ್‌ಬ್ಯಾಕಪ್‌ನಿಂದ ಹೊಸದಾಗಿ ಕಟ್ಟಬೇಕು. ಮತ್ತೆ ಸೆಲೆಕ್ಟ್ ಪಿಜಿ_ಡ್ರಾಪ್_ರೆಪ್ಲಿಕೇಶನ್_ಸ್ಲಾಟ್, ಸ್ಲಾಟಿನ ಹೆಸರು ಒಂಟಿ ಕೋಟಿನಲ್ಲಿ. ಅದಾದ ಮೇಲೆ ಚೆಕ್‌ಪಾಯಿಂಟ್, ಪಿಜಿ_ವಾಲ್ ಆಗ ಇಳೀತದೆ. ಕೊನೆಗೆ ಆ ಟೇಬಲಿಗೆ ವ್ಯಾಕ್ಯೂಮ್ ವರ್ಬೋಸ್ ಅನಲೈಸ್, ಕೌಂಟರ್ ಮುಚ್ಚಿದ ಮೇಲೆ. ಲಾಕ್ ಭಯ ಇಲ್ಲ, ಡಿಸ್ಕ್ ಮಾತ್ರ ಬಿಸಿಯಾಗ್ತದೆ. ಟೇಬಲಿನ ಫೈಲ್ ಸೈಜ್ ಹೆಚ್ಚು ಇಳಿಯಲಿಕ್ಕಿಲ್ಲ, ಒಳಗೆ ಖಾಲಿಯಾದ ಜಾಗಕ್ಕೆ ಹೊಸ ಸಾಲು ಬರ್ತದೆ. ಪಿಜಿ_ಡೇಟಾಬೇಸ್‌ನಿಂದ ಏಜ್ ಆಫ್ ಡ್ಯಾಟ್‌ಫ್ರೋಜನ್‌ಎಕ್ಸ್‌ಐಡಿ, ಅಂದರೆ ಇನ್ನೂ ಫ್ರೀಜ್ ಆಗದ ಹಳೆ ಟ್ರಾನ್ಸಾಕ್ಷನ್ ನಂಬರಿನ ವಯಸ್ಸು, ತೆಗೆದು ಇಲ್ಲಿ ಹಾಕಿ. 20 ಕೋಟಿ ದಾಟಿದ್ದರೆ ಬೇರೆ ಮಾತು.

ಪೆರ್ಲ: ಒಂದೊಂದು ಕ್ವೆರಿಯ ಲೆಕ್ಕ ಇಡುವ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಎಕ್ಸ್‌ಟೆನ್ಶನ್ ಹಾಕಿದೆ, ಸೆಲೆಕ್ಟ್ ಕೊಟ್ಟರೆ ಎರರ್.

ಡಿಬಿಎ: ಶೇರ್ಡ್_ಪ್ರೀಲೋಡ್_ಲೈಬ್ರರೀಸ್‌ಗೆ ಸೇರಿಸಿ ರೀಸ್ಟಾರ್ಟ್ ಮಾಡಿ. ರೀಲೋಡ್ ಸಾಲದು.

ಮಂಜೇಶ್ವರ: ನಮ್ಮದು ಹಿಟ್ ರೇಶಿಯೋ 97. ಸರಿಯಾ ಮೇಡಂ?

ಡಿಬಿಎ: ಮೇಲೆ ಓದಿ.

ಉಪ್ಪಳ: ಐಡಿಎಕ್ಸ್_ಸ್ಕ್ಯಾನ್ (ಎಷ್ಟು ಸಲ ಬಳಕೆಯಾಯ್ತು ಎಂಬ ಲೆಕ್ಕ) ಸೊನ್ನೆ ಇರುವ ಇಂಡೆಕ್ಸ್ ಎಲ್ಲ ಡ್ರಾಪ್ ಮಾಡಬಹುದು ಅಂತ ಇನ್ನೊಂದು ಮೆಸೇಜ್ ಬಂದಿದೆ.

ಡಿಬಿಎ: ಯೂನಿಕ್ ಇಂಡೆಕ್ಸ್ ಸ್ಕ್ಯಾನ್ ಆಗದಿದ್ದರೂ ಒಂದೇ ಚೀಟಿ ಎರಡು ಸಲ ಏರದಂತೆ ತಡೀತದೆ. ವರ್ಷಕ್ಕೊಮ್ಮೆ ಆಡಿಟ್ ರಿಪೋರ್ಟಿಗೆ ಬೇಕಾಗುವ ಇಂಡೆಕ್ಸೂ ಈಗ ಸೊನ್ನೆಯೇ ತೋರಿಸಬಹುದು. ಸ್ಟ್ಯಾಂಡ್‌ಬೈಯ ಲೆಕ್ಕ ಸ್ಟ್ಯಾಂಡ್‌ಬೈಯಲ್ಲೇ ಇರ್ತದೆ, ಇಲ್ಲಿ ಕಾಣುವುದಿಲ್ಲ. ಇನ್ನು ಫಾರ್ವರ್ಡ್ ಹಾಕಿದರೆ ನಾನು ಉತ್ತರ ಕೊಡುವುದಿಲ್ಲ.

ಉಪ್ಪಳ: ಕೇಳುವುದೂ ತಪ್ಪಾ?

ಮುಳ್ಳೇರಿಯ: ಚೌಕದ ವಿಷಯ ಯಾರೂ ಹೇಳಲಿಲ್ಲ.

ಬದಿಯಡ್ಕ: ಏಜ್ 16 ಕೋಟಿ. ಸ್ಲಾಟ್ ತೆಗೆದೆ, ಚೆಕ್‌ಪಾಯಿಂಟ್ ಕೊಟ್ಟೆ. ಡಿಸ್ಕ್ 63ಕ್ಕೆ ಇಳಿಯಿತು. ವ್ಯಾಕ್ಯೂಮ್ ಈಗ ಹಾಕಬಹುದಾ, ಕೌಂಟರಿನಲ್ಲಿ ಇನ್ನೂ ಜನ ಇದ್ದಾರೆ?

ಡಿಬಿಎ: ಮುಚ್ಚಿದ ಮೇಲೆ ಅಂತ ಬರೆದಿದ್ದೇನೆ.