ಲಕ್ವಾ ಹೊಡೆದ ಮೇಲೆ ಒಪ್ಪಿಕೊಳ್ಳುವುದು ವಯಸ್ಸಾದವರಿಗೆ ಸುಲಭವೇ?

ವಿಜಯಪುರದ ನಿವೃತ್ತ ಶಿಕ್ಷಕ: ಎಪ್ಪತ್ತು ದಾಟಿದವರಿಗೆ ಲಕ್ವಾ ಹೊಡೆದರೆ, ಕೈಕಾಲು ಸೋಲುವ ವಯಸ್ಸೇ ಇದು ಎಂದು ಮನಸ್ಸು ಹೇಗೋ ಹೊಂದಿಕೊಳ್ಳುತ್ತದೆ. ಸಾಲ ತೀರಿಸುತ್ತಿರುವ, ಚಿಕ್ಕ ಮಕ್ಕಳಿರುವ ನಲವತ್ತರ ಗೃಹಸ್ಥನಿಗೆ ಅದು ಸಾಧ್ಯವಾಗದು ಎಂಬುದು ನನ್ನ ಅಭಿಪ್ರಾಯ.

ಜಮಖಂಡಿಯ ಗೃಹಿಣಿ: ಸರ್, ಹಿರಿಯರ ಮೌನವನ್ನೇ ತಾವು ಒಪ್ಪಿಗೆ ಎಂದು ತಿಳಿದಂತಿದೆ. ನಮ್ಮ ಅತ್ತೆಯವರಿಗೆ ಎಪ್ಪತ್ತೆರಡು ವರ್ಷ. ಬಲಗೈ ಸ್ವಾಧೀನ ತಪ್ಪಿದ ಮೇಲೆ ಅವರು ಯಾರ ಮುಂದೆಯೂ ಅತ್ತವರಲ್ಲ. ಆದರೆ ಎಡಗೈಯಿಂದ ರೊಟ್ಟಿ ಮುರಿಯುವುದನ್ನು ಯಾರೂ ನೋಡಬಾರದೆಂದು, ಮನೆಮಂದಿಯೆಲ್ಲ ಉಂಡು ಎದ್ದ ಮೇಲೆಯೇ ಗಂಗಾಳ ಕೇಳುತ್ತಾರೆ. ಇದನ್ನು ಹೊಂದಿಕೊಂಡದ್ದು ಎನ್ನಲು ನನ್ನಿಂದಾಗದು.

ಬೆಳಗಾವಿಯ ಫಿಸಿಯೊಥೆರಪಿಸ್ಟ್: ಅಕ್ಕನವರ ಮಾತಿಗೆ ನನ್ನ ಸಹಮತವಿದೆ. ಪಾರ್ಶ್ವವಾಯುವಿನ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ; ಆದರೆ ಹಿರಿಯರಲ್ಲಿ ಅದನ್ನು ವಯೋಸಹಜ ಮಂಕು ಎಂದು ಬಿಟ್ಟುಬಿಡುತ್ತಾರೆ. ಚೇತರಿಕೆ ಅತ್ಯಂತ ವೇಗವಾಗಿರುವ ಮೊದಲ ಮೂರು ತಿಂಗಳಲ್ಲೇ, ‘ಈ ವಯಸ್ಸಿನಲ್ಲಿ ಇನ್ನೇನು’ ಎಂದು ಮನೆಯವರು ವ್ಯಾಯಾಮ ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ. ಅಲ್ಲಿ ಒಪ್ಪಿಕೊಂಡವರು ಮನೆಯವರೇ ಹೊರತು ರೋಗಿಯಲ್ಲ.

ಇಳಕಲ್‌ನ ಓದುಗ: ನಮ್ಮ ಮನೆಯ ಪಾಡು ಇದಕ್ಕೆ ವಿರುದ್ಧ. ಸರ್ಕಾರಿ ನೌಕರನಾದ ನಲವತ್ತೊಂದರ ನನ್ನ ತಮ್ಮ, ಬರುವ ತಿಂಗಳು ನೆಟ್ಟಗಾಗುತ್ತೇನೆ ಎನ್ನುತ್ತಲೇ ವರ್ಷ ಕಳೆದನು. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಜಿ ಹಾಕೆಂದರೆ ಸಿಟ್ಟಿಗೇಳುತ್ತಾನೆ. ಸೇವೆಯಲ್ಲಿರುವಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ಆ ಕಾರಣಕ್ಕೆ ತೆಗೆದುಹಾಕುವಂತಿಲ್ಲ, ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಆ ರಕ್ಷಣೆ ಕೇಳಬೇಕಾದರೂ ಮೊದಲು ತನಗೆ ಹೀಗಾಗಿದೆ ಎಂದು ಅವನು ಬಾಯಿಬಿಟ್ಟು ಹೇಳಬೇಕಲ್ಲವೇ?

ವಿಜಯಪುರದ ನಿವೃತ್ತ ಶಿಕ್ಷಕ: ನಾನು ಹೇಳಿದ್ದೂ ಇದನ್ನೇ. ದುಡಿಯುವ ವಯಸ್ಸಿನವನು ಕಳೆದುಕೊಳ್ಳುವುದು ಕೈಯೊಂದನ್ನೇ ಅಲ್ಲ, ಮನೆಯಲ್ಲಿನ ತನ್ನ ಸ್ಥಾನವನ್ನು ಕೂಡ.

ಜಮಖಂಡಿಯ ಗೃಹಿಣಿ: ಐವತ್ತು ವರ್ಷ ಅಡುಗೆಮನೆ ಆಳಿದ ಅತ್ತೆಗೆ ಸ್ಥಾನವಿರಲಿಲ್ಲವೇ, ಸರ್? ಅವರಿಗೆ ಮಾತೂ ತೊದಲುತ್ತದೆ. ಈ ವಯಸ್ಸಿನಲ್ಲಿ ಪ್ರಮಾಣಪತ್ರ ಕೊಡುತ್ತಾರೆಯೇ?

ಬೆಳಗಾವಿಯ ಫಿಸಿಯೊಥೆರಪಿಸ್ಟ್: ಕೊಡುತ್ತಾರೆ, ವಯಸ್ಸಿನ ಮಿತಿಯಿಲ್ಲ. ಲಕ್ವಾದಿಂದ ಮಾತಿನ ಶಕ್ತಿ ಶಾಶ್ವತವಾಗಿ ಕುಂದಿದರೆ ಅದನ್ನೂ ಆ ಕಾಯ್ದೆ ಪರಿಗಣಿಸುತ್ತದೆ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗಾಗಿ ಸರ್ಕಾರ ನಡೆಸುವ ಯುಡಿಐಡಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಆದರೆ ಅದಕ್ಕೂ ಮೊದಲು ಅವರನ್ನೇ ಒಂದು ಮಾತು ಕೇಳಿ.