ಆಗಲಾರದ್ದು ಆಗುವ ಕಥೆ ಎರಡೇ ಪುಟಕ್ಕೆ ಯಾಕೆ ಸಪ್ಪೆಯಾಗುತ್ತದೆ?

ಪುಟಗುರುತು:
ಗಂಡ-ಹೆಂಡತಿ, ಅಪ್ಪ-ಮಗಳು, ಇಂಥ ದಿನನಿತ್ಯದ ಸಂಬಂಧಗಳ ನಡುವೆ ಆಗಲಾರದ್ದೊಂದು ಆಗಿಬಿಡುವ ಕಥೆಗಳು ಓದುವಾಗ ಹಿಡಿದು ಕೂರಿಸುತ್ತವೆ. ಬರೆಯಹೊರಟರೆ ಜೀವ ಬರುವುದಿಲ್ಲ. ಈಗಿರುವ ಎಳೆ ಇದು: ಒಂದು ಬೆಳಿಗ್ಗೆ ಗಂಡನ ಬಾಯಿಂದ ಹೆಂಡತಿಯ ದನಿ ಬರುತ್ತದೆ. ಆಮೇಲೆ ಕನ್ನಡಿಯಲ್ಲಿ ಅವನ ಮುಖ ಕಾಣುವುದಿಲ್ಲ, ಮನೆಯ ಬಾಗಿಲುಗಳು ಜಾಗ ಬದಲಿಸುತ್ತವೆ. ಓದಿದವರೆಲ್ಲ "ಕೊನೆಗೆ ಇದು ಕನಸು ತಾನೇ?" ಅನ್ನುತ್ತಾರೆ. ಎಲ್ಲಿ ತಪ್ಪುತ್ತಿದೆ?

ಕಾಗದದೋಣಿ:
ಮೂರು ಅಸಾಧ್ಯಗಳಿವೆ, ಅದೇ ತೊಂದರೆ. ದನಿಯೊಂದನ್ನೇ ಉಳಿಸಿ, ಕನ್ನಡಿ ಮತ್ತು ಬಾಗಿಲು ಹೊಡೆದುಹಾಕಿ. ಇಲ್ಲಿ ಏನು ಬೇಕಾದರೂ ಆಗಬಹುದು ಅಂತ ಗೊತ್ತಾದ ಮೇಲೆ ಓದುಗರಿಗೆ ಆತಂಕ ಉಳಿಯುವುದಿಲ್ಲ.

ಕಾಫ್ಕಾನ 'ಮೆಟಮಾರ್ಫಸಿಸ್' (1915) ನೋಡಿ. ಕಥಾನಾಯಕ ಗ್ರೆಗರ್ ಹುಳುವಾಗಿರುವುದು ಮೊದಲ ವಾಕ್ಯದಲ್ಲೇ ಮುಗಿದ ಸಂಗತಿ. ಅವನ ಚಿಂತೆ ಏನು? ಅಲಾರಂ ಇಟ್ಟದ್ದು ನಾಲ್ಕಕ್ಕೆ, ಈಗ ಆರೂವರೆ, ಐದರ ರೈಲು ತಪ್ಪಿತು! ಮೈಯ ಬಗ್ಗೆ ಗಾಬರಿಯಾಗಬೇಕಾದ ಹೊತ್ತಿನಲ್ಲಿ ಕೆಲಸದ ಬಗ್ಗೆ ಗಾಬರಿ. ಆ ಮನೆಯಲ್ಲಿ ಅವನು ಯಾರಾಗಿದ್ದ ಅನ್ನುವುದು ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ನಿಮ್ಮ ಗಂಡನೂ ಕಿರುಚುವುದು ಬೇಡ. ಹತ್ತು ಗಂಟೆಗೆ ಆಫೀಸಿನಿಂದ ಬರುವ ಫೋನನ್ನು ಯಾರು ಎತ್ತುವುದು ಅಂತ ಯೋಚಿಸಲಿ.

ಅಡಿಟಿಪ್ಪಣಿ:
ಅಸಾಧ್ಯಕ್ಕೂ ನಿಯಮ ಬೇಕು. ಅವನ ಬಾಯಲ್ಲಿ ಬರುವುದು ಅವಳ ದನಿ ಮಾತ್ರವೋ, ಅವಳ ಮಾತುಗಳೂ ಸೇರಿಯೋ? ಆಗ ಅವಳ ಗಂಟಲಲ್ಲಿ ಏನಿರುತ್ತದೆ? ಕಥೆಯಲ್ಲಿ ಹೇಳಬೇಕಿಲ್ಲ, ಬರೆಯುವವರಿಗೆ ಗೊತ್ತಿದ್ದರೆ ಸಾಕು. ಇಲ್ಲದಿದ್ದರೆ ನಾಲ್ಕನೇ ಪುಟದ ಹೊತ್ತಿಗೆ ನಿಯಮ ಅನುಕೂಲಕ್ಕೆ ತಕ್ಕಂತೆ ಜಾರುತ್ತದೆ.

ಇನ್ನೊಂದು, ಆ ಅಸಾಧ್ಯ ಆ ಪಾತ್ರಕ್ಕೇ ತಾಗುವಂತಿರಬೇಕು. ಗೊಗೋಲ್‌ನ 'ಮೂಗು' (1836) ಕಥೆಯಲ್ಲಿ ಒಬ್ಬ ಸರ್ಕಾರಿ ಅಧಿಕಾರಿಯ ಕಳೆದುಹೋದ ಮೂಗು ಸಮವಸ್ತ್ರ ತೊಟ್ಟು ಓಡಾಡುತ್ತದೆ, ಅದರ ದರ್ಜೆ ಮೂಗಿನ ಒಡೆಯನ ದರ್ಜೆಗಿಂತ ಮೇಲು. ತನ್ನದೇ ಮೂಗನ್ನು ಮಾತಾಡಿಸಲು ಅವನು ಹಿಂಜರಿಯುತ್ತಾನೆ. ದರ್ಜೆಯೇ ತಾನು ಅಂದುಕೊಂಡವನಿಗೆ ಬೇರೆ ಯಾವ ಅಂಗ ಕಳೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ ಅನ್ನಿಸುತ್ತದೆ.

ಪುಟಗುರುತು:
ಹಾಗಾದರೆ "ಅವಳ ಮಾತನ್ನು ಅವನು ಕಸಿದುಕೊಂಡ" ಅನ್ನುವ ಅರ್ಥ ಸ್ಪಷ್ಟವಾಗಿ ಬರಬೇಕೆ?

ಕಾಗದದೋಣಿ:
ಬೇಡವೇ ಬೇಡ. ಮುಖಪುಟದಲ್ಲಿ ಆ ಹುಳುವಿನ ಚಿತ್ರ ಬರೆಸಬೇಡಿ ಅಂತ ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದಿದ್ದ. ಒಂದೇ ಅರ್ಥಕ್ಕೆ ಕಟ್ಟಿಹಾಕಿದರೆ ಒಗಟು ಬಿಡಿಸಿದ ಹಾಗೆ, ಎರಡನೇ ಸಲ ಓದಲು ಏನೂ ಉಳಿಯುವುದಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ: 'ದನಿ' ಇರುವಲ್ಲೆಲ್ಲ 'ಅಧಿಕಾರ' ಅಂತ ಇಟ್ಟು ಓದಿ. ಕಥೆ ಹಾಗೇ ನಡೆದರೆ ಅದು ಪ್ರಬಂಧ.

'ವಿಚಿತ್ರವಾಗಿ', 'ನಿಗೂಢ', 'ಇದ್ದಕ್ಕಿದ್ದಂತೆ' ಇವನ್ನು ಹುಡುಕಿ ತೆಗೆಯಿರಿ. ಘಟನೆ ವಿಚಿತ್ರವಾದಷ್ಟೂ ವಾಕ್ಯ ಸಾದಾ ಇರಬೇಕು.

ಅಡಿಟಿಪ್ಪಣಿ:
ಕೊನೆಯಲ್ಲಿ ದನಿಯನ್ನು ಅವಳಿಗೆ ವಾಪಸ್ ಕೊಡಿಸಬೇಡಿ, ಕಾರಣವನ್ನೂ ಹೇಳಬೇಡಿ. ಇಬ್ಬರೂ ಹೇಗೆ ಒಗ್ಗಿಕೊಂಡರು ಅನ್ನುವಲ್ಲಿ ನಿಲ್ಲಿಸಿ. ಅವಳಿಗೆ ತಾಯಿಯ ಜೊತೆ ಮಾತಾಡಬೇಕಿದೆ. ನಂಬರ್ ಒತ್ತುತ್ತಾಳೆ, ಫೋನನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲಿ ಕೂರುತ್ತಾಳೆ.